ಬಾಜಾ ಬಂದ್ ಆದಾಗಿನ ಹಾಡು

ಜಾಝ್ ಎಂದರೇನು ಎಂಬ ಜಗಳ ನಮ್ಮ ಬ್ಯಾಂಡಿನಲ್ಲಿ ಶುರುವಾದದ್ದು ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಮುಂದೆ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಅದರ ಮಗ್ಗುಲಿಗೆ ಚಹಾದ ಹೋಟೆಲು. ಮದುವೆಗಳಿಲ್ಲದ ದಿನಗಳಲ್ಲಿ ನಾವು ನಾಲ್ವರು ಅಲ್ಲಿ ಕೂಡುತ್ತಿದ್ದೆವು. ಮೊದಲ ಕ್ಲಾರಿನೆಟ್ ನುಡಿಸುವ ಮಾಸ್ತರರು ಮಸ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಪ್ಪತ್ತರ ಹತ್ತಿರದವರು, ನನಗೆ ವಾದ್ಯ ಹಿಡಿಯಲು ಕಲಿಸಿದವರು. ಡ್ರಮ್ ಬಾರಿಸುವವನು ಲಿಂಗಸುಗೂರಿನವನು, ಮೈಯೂ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಕೀಬೋರ್ಡಿನವನು ಸಾಲಗುಂದದವನು, ಗದ್ದೆಯಲ್ಲಿ ನಾಟಿ ಮುಗಿಸಿ ಕೈ ತೊಳೆದುಕೊಂಡು ಬರುತ್ತಿದ್ದ. ನಾನು ಎರಡನೆಯ ಕ್ಲಾರಿನೆಟ್. ಎರಡನೆಯವನು ಎಂಬುದನ್ನು ಒಂದು ದಿನವೂ ಮರೆತವನಲ್ಲ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಆ ದಿನ ಕೀಬೋರ್ಡಿನವನು ಮೊಬೈಲಿನಲ್ಲಿ ಏನೋ ಹಚ್ಚಿ, ಸಪ್ಪಳ ಜೋರಾಗಲೆಂದು ಖಾಲಿ ಸ್ಟೀಲ್ ಲೋಟದೊಳಗೆ ಇಟ್ಟ. ಲೋಟದೊಳಗಿಂದ ಒಂದು ಕ್ಲಾರಿನೆಟ್ ಎದ್ದು ಬಂತು. ಯಾವ ದೇಶದ್ದೋ, ಯಾವ ಕಾಲದ್ದೋ ಗೊತ್ತಿಲ್ಲ. ನಮ್ಮದೇ ವಾದ್ಯ, ಆದರೆ ಮದುಮಗನ ಮುಂದೆ ಬೆವರು ಸುರಿಸುತ್ತ ನಡೆಯುವ ಕ್ಲಾರಿನೆಟ್ ಅಲ್ಲ ಅದು. ಕಿಟಕಿಯ ಹತ್ತಿರ ಕೂತು ತನ್ನಷ್ಟಕ್ಕೆ ಮಾತಾಡಿಕೊಳ್ಳುವವರ ದನಿ. ಒಂದು ಸಾಲು ನೆಟ್ಟಗೆ ಹೇಳಿತು, ಆಮೇಲೆ ಆ ಸಾಲನ್ನು ಬಿಟ್ಟು ಅಡ್ಡದಾರಿ ಹಿಡಿಯಿತು, ನಡುವೆ ಸುಮ್ಮನಾಯಿತು, ಮತ್ತೆ ಎಲ್ಲಿಂದಲೋ ಬಂದು ಸೇರಿಕೊಂಡಿತು. ನನ್ನ ಕೈಯಲ್ಲಿದ್ದ ಮಿರ್ಚಿ ಆರಿಹೋಯಿತು.

"ಇದ ನೋಡ್ರಿ ಜಾಝ್ ಅಂದ್ರ," ಎಂದ ಕೀಬೋರ್ಡಿನವನು. "ಬಿಳಿ ಪಟ್ಟಿ, ಕರಿ ಪಟ್ಟಿ ಎಲ್ಲಾ ಮುಟ್ಟಬೇಕು. ಒಂದೂ ಬಿಡಬಾರದು."

ಡ್ರಮ್ಮಿನವನು ನಕ್ಕ. ನಮ್ಮ ಕಡೆಯ ಹಳೆಯ ಬ್ಯಾಂಡಿನವರು ಡ್ರಮ್ ಸೆಟ್ಟನ್ನೇ ಜಾಝ್ ಎಂದು ಕರೆಯುತ್ತ ಬಂದವರು. "ಇಷ್ಟು ವರ್ಷ ನನ್ನ ಕಾಲಾಗ ಒದಿಸಿಕೊಂತ ಬಂದೈತಿ ಅದು. ನೀವು ಈಗ ಲೋಟದಾಗ ಹುಡುಕಾಕತ್ತೀರಿ."

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ಹಾಡು ಬಿಟ್ಟು ಹೊರಗ ಹೋಗಾದು, ಮನಸ್ಸು ಬಂದಾಗ ತಿರುಗಿ ಬರಾದು. ಅಷ್ಟು ಧೈರ್ಯ ಇದ್ದವ ಜಾಝ್ ಬಾರಸ್ತಾನ. ನಮ್ಮಂಗ ಗೀಟು ಎಳದಂಗ ಬಾರಸವ ಅಲ್ಲ," ಎಂದೆ. ಗೀಟು ಎಳೆದಂತೆ ಬಾರಿಸುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಮಾಸ್ತರರು ಕಣ್ಣು ಮುಚ್ಚಿ ಕೂತಿದ್ದರು. ಮುಚ್ಚಿಕೊಂಡೇ ಹೇಳಿದರು: "ಅವ ಎಲ್ಲಿ ಹೊರಗ ಹೋಗ್ಯಾನ? ಹಾಡಿನಾಗ ಅದಾನ. ಅವ ಸುಮ್ಮ ಆಗ್ತಾನ ನೋಡು, ಆವಾಗ ಕೇಳು. ನಿನಗ ಕೇಳಸವಲ್ದು."

"ಬಾರಸಲಾರದ್ದು ಹೆಂಗ ಕೇಳಾದ್ರಿ ಮಾಸ್ತರ್ರ?"

"ಬಾಜಾ ಬಂದ್ ಆದಾಗ ಏನ್ ಮಾಡ್ತಿ ನೀ? ಅದನ್ನ ಮಾಡು."

ಬಾಜಾ ಬಂದ್ ಎಂದರೆ ಏನೆಂದು ಇಲ್ಲಿ ಬಿಡಿಸಿ ಹೇಳಬೇಕು. ಮೆರವಣಿಗೆ ಹೋಗುವಾಗ ದಾರಿಯಲ್ಲಿ ಸಾವಾದ ಮನೆ ಬಂದರೆ, ಹಾಸಿಗೆ ಹಿಡಿದವರ ಮನೆ ಬಂದರೆ, ನಮಾಜಿನ ಹೊತ್ತಿನಲ್ಲಿ ಮಸೀದಿ ಬಂದರೆ ಬ್ಯಾಂಡು ನಿಲ್ಲಿಸಬೇಕು. ಯಾರೂ ಬಾಯಿ ಬಿಟ್ಟು ಹೇಳಬೇಕಿಲ್ಲ. ಮುಂದಿರುವ ಮೊದಲ ಕ್ಲಾರಿನೆಟ್ಟಿನವನು ತನ್ನ ವಾದ್ಯವನ್ನು ನೆಟ್ಟಗೆ ಮೇಲೆತ್ತುತ್ತಾನೆ. ಊದುವವರೆಲ್ಲ ಊದುವುದನ್ನು ಬಿಡುತ್ತಾರೆ. ಮಂದಿಯ ಹೆಜ್ಜೆ ತಪ್ಪದಿರಲೆಂದು ಡ್ರಮ್ಮಿನವನು ಕೋಲಿನಿಂದ ಡ್ರಮ್ಮಿನ ಅಂಚನ್ನು ಮಾತ್ರ ಮೆಲ್ಲಗೆ ಮುಟ್ಟುತ್ತಿರುತ್ತಾನೆ, ಟಿಕ್, ಟಿಕ್. ಆ ಮನೆ ದಾಟಿದ ಮೇಲೆ ಕ್ಲಾರಿನೆಟ್ ಕೆಳಗಿಳಿಯುತ್ತದೆ, ಹಾಡು ಮತ್ತೆ ಶುರುವಾಗುತ್ತದೆ.

ಎಲ್ಲಿಂದ ಶುರುವಾಗಬೇಕು ಎಂಬುದೇ ತಕರಾರು. ಬೇರೆ ಬ್ಯಾಂಡಿನವರೆಲ್ಲ ಮೊದಲ ಸಾಲಿನಿಂದ, ಪಲ್ಲವಿಯಿಂದ ಹಿಡಿಯುತ್ತಾರೆ. ಮಂದಿಗೂ ಅದೇ ಬೇಕು, ಪಲ್ಲವಿ ಕೇಳಿದ ಕೂಡಲೇ ಕೈ ಮೇಲೆತ್ತಿ ಕುಣಿಯುತ್ತಾರೆ. ಮಾಸ್ತರರು ಮಾತ್ರ ಒಪ್ಪುತ್ತಿರಲಿಲ್ಲ. ನಾವು ಸುಮ್ಮನಾದರೂ ಹಾಡು ನಡೆಯುತ್ತಲೇ ಇರುತ್ತದೆ, ನಾವು ಮನೆ ದಾಟುವ ಹೊತ್ತಿಗೆ ಅದು ಎಲ್ಲಿಗೆ ಹೋಗಿ ಮುಟ್ಟಿದೆಯೋ ಅಲ್ಲಿಂದಲೇ ಹಿಡಿಯಬೇಕು ಎಂಬುದು ಅವರ ಹಟ. ಎರಡನೆಯ ಸಾಲಿನ ನಡುವೆ ಎಂದರೆ ನಡುವೆಯೇ. "ಹಾಡು ಏನು ನಿನ್ನ ಆಳೇನು, ನಿಲ್ಲು ಅಂದ ಕೂಡ್ಲೇ ನಿಂದ್ರಾಕ?" ಎನ್ನುತ್ತಿದ್ದರು.

ಅವರ ಹಿಂದೆ ಹಾಗೆ ಎಷ್ಟು ಊರುಗಳನ್ನು ನಡೆದಿದ್ದೇನೆ! ಈಗಲೂ ಕಣ್ಣು ಮುಚ್ಚಿದರೆ ಆ ಸದ್ದಿಲ್ಲದ ದಾರಿಗಳೇ ಬರುತ್ತವೆ, ಬಾರಿಸಿಕೊಂಡು ಹೋದ ದಾರಿಗಳು ಬರುವುದಿಲ್ಲ. ಊದುವುದು ನಿಂತ ಕೂಡಲೇ ಅಲ್ಲಿಯವರೆಗೆ ಇಲ್ಲವೇ ಇಲ್ಲ ಎನಿಸಿದ್ದ ಸಪ್ಪಳಗಳೆಲ್ಲ ಹೊರಗೆ ಬರುತ್ತವೆ. ರೇಷ್ಮೆ ಸೀರೆಗಳ ಸರಸರ, ಯಾರದೋ ಕಾಲುಂಗುರ ಕಲ್ಲಿಗೆ ತಾಗಿದ್ದು, ಗದ್ದೆಯ ಕಡೆಯಿಂದ ಕಾಲುವೆಯ ನೀರು, ದೂರದಲ್ಲೊಂದು ಟ್ರ್ಯಾಕ್ಟರ್. ಅವುಗಳ ನಡುವೆ ಯಾರಿಗೂ ಕಾಣದ ಹಾಡು ನಮಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿರುತ್ತದೆ. ಮಾಸ್ತರರ ಬೋಳು ನೆತ್ತಿ ಅದರ ಹಿಂದೆ ಸಣ್ಣಗೆ ತೂಗುತ್ತಿರುತ್ತದೆ. ಬಿಸಿಲಿಗೆ ದಾರಿ ನೀರಾಡಿದಂತೆ ಕಾಣುವಾಗ ನಾನು ಎಚ್ಚರದಲ್ಲಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯುತ್ತಿರಲಿಲ್ಲ. ಅಷ್ಟು ಸುಖ ನನಗೆ ಬಾರಿಸುವಾಗಲೂ ಸಿಕ್ಕಿಲ್ಲ. ಆದರೆ ಹೋಟೆಲಿನಲ್ಲಿ ಕೂತರೆ ಪಲ್ಲವಿಯ ಪರವಾಗಿಯೇ ವಾದಿಸುತ್ತಿದ್ದೆ. ಅವರು ಎಡಕ್ಕೆ ಎಂದರೆ ನಾನು ಬಲಕ್ಕೆ ಎನ್ನಬೇಕು, ಅಷ್ಟೆ.

ಆ ಲೋಟದ ಕ್ಲಾರಿನೆಟ್ ನನ್ನ ತಲೆ ಕೆಡಿಸಿತು. ಹೊಲಿಗೆ ಯಂತ್ರ ತುಳಿಯುತ್ತ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳಿದೆ. ಗಿರಾಕಿಯ ಕುಪ್ಪಸದ ತೋಳನ್ನು ತಿರುವುಮುರುವು ಹಚ್ಚಿ ಬೈಸಿಕೊಂಡೆ. ಮದುವೆಗಳಲ್ಲಿ ಸಂದು ಸಿಕ್ಕಲ್ಲೆಲ್ಲ ಬೆರಳು ಓಡಿಸಿದೆ, ಸ್ವರ ಜಾರಿಸಿದೆ, ಬಾಗಿಸಿದೆ. ಕೀಬೋರ್ಡಿನವನು ಶಭಾಷ್ ಎಂದ. ಮಾಸ್ತರರು ಪತ್ತಿಯನ್ನು, ಅಂದರೆ ಬಾಯಿಗೆ ಹಿಡಿಯುವ ತೆಳು ಬೆತ್ತದ ಸೀಳನ್ನು, ಗಾಜಿನ ಚೂರಿನಿಂದ ಹೆರೆಯುತ್ತ ಕೂತಿದ್ದವರು ತಲೆಯೆತ್ತಲಿಲ್ಲ.

ಜವಳಗೇರಾದ ಮದುವೆಯ ಹಿಂದಿನ ದಿನ ಮಾತ್ರ ಎತ್ತಿದರು. ಹೋಟೆಲಿನಲ್ಲಿ ಹತ್ತು ಜನ ಇದ್ದರು. "ಲೇ ತಮ್ಮಾ, ನೀ ಬಟ್ಟಿ ಹೊಲಿಯಾಂವ. ಬರೀ ಜರಿ ತಂದು ಕೊಟ್ಟು ಕುಪ್ಪಸ ಹೊಲಿ ಅಂದ್ರ ಹೊಲಿತಿ? ಬಟ್ಟಿ ಎಲ್ಲೈತಿ ಅಂತ ಕೇಳ್ತಿಲ್ಲ? ನಿನ್ನ ಬಾಜಾ ಕೇಳಿದ್ರ ನನಗೂ ಹಂಗ ಕೇಳಬೇಕು ಅನಸ್ತೈತಿ," ಎಂದರು. ಎಲ್ಲರೂ ನಕ್ಕರು. ಮಾತು ಸರಿಯಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು. ಆ ಉರಿಯನ್ನು ಆರಲು ಬಿಡದೆ ಮರುದಿನ ಜವಳಗೇರಾಕ್ಕೆ ಹೊತ್ತುಕೊಂಡು ಹೋದೆ.

ಬೆಳಗಿನ ಹತ್ತರ ಹೊತ್ತು. ಮದುಮಗನನ್ನು ಹನುಮಪ್ಪನ ಗುಡಿಯಿಂದ ಹಂದರಕ್ಕೆ ಕರೆದುಕೊಂಡು ಬರುತ್ತಿದ್ದೆವು. ಹಳೆಯ ಸಿನಿಮಾ ಹಾಡೊಂದು ನಡೆದಿತ್ತು. ಕಾಲುವೆ ದಂಡೆಯ ತಿರುವಿನಲ್ಲಿ ಒಂದು ಮನೆಯ ಮುಂದೆ ಜಮಖಾನ ಹಾಸಿ, ಟವೆಲು ಹೊದ್ದ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಮಾಸ್ತರರು ಕ್ಲಾರಿನೆಟ್ ಎತ್ತಿದರು. ಬಾಜಾ ಬಂದ್ ಆಯಿತು. ಟಿಕ್, ಟಿಕ್. ಹಾಡು ಪಲ್ಲವಿ ದಾಟಿತು, ಮೊದಲ ಚರಣ ದಾಟಿತು. ನಾವು ಆ ಮನೆಯನ್ನು, ಅದರಾಚೆಯ ಹುಣಸೆ ಮರವನ್ನು ದಾಟುವಾಗ ಹಾಡು ಎರಡನೆಯ ಚರಣದ ಕೊನೆಯ ಸಾಲಿನಲ್ಲಿತ್ತು. ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ: ಗೊತ್ತಿತ್ತು.

ಮಾಸ್ತರರು ಕೊನೆಯ ಸಾಲು ಹಿಡಿದರು. ಅದೇ ಉಸಿರಿಗೆ ನಾನು ಇದ್ದಬದ್ದ ಶಕ್ತಿಯಿಂದ ಪಲ್ಲವಿ ಹಿಡಿದೆ. ಎರಡು ಕ್ಲಾರಿನೆಟ್ಟುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಡ್ರಮ್ಮಿನವನು ಒಂದು ಗಳಿಗೆ ಅತ್ತ ಇತ್ತ ನೋಡಿ, ಜೋರಿದ್ದ ಕಡೆ ಬಂದ. ಕೀಬೋರ್ಡೂ ಬಂತು. ಮಂದಿ ಪಲ್ಲವಿ ಸಿಕ್ಕಿದ ಖುಷಿಗೆ ಕುಣಿದರು, ಯಾರಿಗೂ ಏನೂ ತಿಳಿಯಲಿಲ್ಲ. ಮಾಸ್ತರರು ಎರಡು ಹೆಜ್ಜೆ ಬಾರಿಸಿ, ನಿಲ್ಲಿಸಿ, ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಹಂದರದವರೆಗೆ ಸುಮ್ಮನೆ ನಡೆದರು.

ಅಡುಗೆಯ ಒಲೆಗಳ ಹಿಂದೆ ನೆರಳಲ್ಲಿ ಕೂತಾಗ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎದುರು ಮಾತು ರೆಡಿ ಇತ್ತು. ಅವರು ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ಏನಾತಲೇ? ನಾ ಎಲ್ಲಿ ಹಿಡಿದೆ?"

ಆ ಪ್ರಶ್ನೆಯಲ್ಲಿ ಅಂಜಿಕೆ ಇತ್ತು. ಇವತ್ತು ಅದು ಕೇಳಿಸುತ್ತದೆ, ಅವತ್ತು ಕೇಳಿಸಿಕೊಳ್ಳಲಿಲ್ಲ. "ನಿಮಗ ಲೆಕ್ಕ ತಪ್ಪಿತ್ರಿ ಮಾಸ್ತರ್ರ," ಎಂದೆ. "ನಾವೆಲ್ಲಾ ಒಂದ ಕಡೆ ಇದ್ವಿ, ನೀವೊಬ್ರ ಬ್ಯಾರೆ ಕಡೆ."

ಅವರು ಡ್ರಮ್ಮಿನವನನ್ನು ನೋಡಿದರು. ಅವನು ಬಗ್ಗಿ ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದ. ಕೀಬೋರ್ಡಿನವನು ಎಲೆ ಹಾಕಿದ್ದಾರೇನೋ ಎಂದು ಎದ್ದುಹೋದ. ಮಾಸ್ತರರು "ಹೌದಾ" ಎಂದರು. ಪತ್ತಿ ಬಿಚ್ಚಿ, ಒರೆಸಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆವತ್ತು ಅವರು ಊಟ ಮಾಡಿದರೋ ಇಲ್ಲವೋ ನನಗೆ ನೆನಪಿಲ್ಲ.

ಮುಂದಿನ ಮದುವೆಗೆ ಅವರು ಬರಲಿಲ್ಲ. ಬಂದದ್ದು ಅವರ ಮಗಳು. ಮಸ್ಕಿಯ ಅಂಗನವಾಡಿಯಲ್ಲಿ ಕೆಲಸ ಮಾಡುವ ಆಕೆ ಒಂದು ಮಧ್ಯಾಹ್ನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೈಚೀಲ ಇಟ್ಟಳು. ಚೀಲದೊಳಗೆ ಕ್ಲಾರಿನೆಟ್ ಇತ್ತು. "ಅಪ್ಪ ಇನ್ನ ಬಾರಸಂಗಿಲ್ಲಂತ್ರೀ ಅಣ್ಣಾ. ತಲ್ಯಾಗಿನ ಲೆಕ್ಕ ಹೋಗೈತಿ ಅಂತಾನ. ಇದು ನಿಮಗ ಇರ್ಲಿ ಅಂದಾನ," ಎಂದಳು. ಚಹಾ ತರಿಸಿದೆ, ಕುಡಿದು ಹೋದಳು. ನಾನು ಚೀಲವನ್ನು ಒಳಗೆ ಎತ್ತಿಟ್ಟೆ.

ಹೀಗೆ ನಾನು ಮೊದಲ ಕ್ಲಾರಿನೆಟ್ ಆದೆ. ಎಷ್ಟೋ ವರ್ಷ ಬಯಸಿದ ಜಾಗ. ಎದುರಿಗೆ ಯಾರ ನೆತ್ತಿಯೂ ಇಲ್ಲ, ಖುಲ್ಲಾ ದಾರಿ. ಆದರೆ ಮೊದಲ ಸಲ ಸಾವಿನ ಮನೆಯೊಂದು ಬಂದು ವಾದ್ಯ ಮೇಲೆತ್ತಿದಾಗ ನನಗೊಂದು ವಿಚಿತ್ರ ತಿಳಿಯಿತು. ಮುಂದೆ ನಡೆಯುವ ಹಾಡಿಗೆ ಮಾಸ್ತರರ ನಡಿಗೆಯೇ ಇತ್ತು, ಎಡಗಾಲು ತುಸು ಎಳೆದು ಹಾಕುವ ನಡಿಗೆ. ಅದರ ಹಿಂದೆ ಹೋದೆ. ಅದು ಮುಟ್ಟಿದ ಕಡೆಯೇ ಹಿಡಿದೆ. ಆಮೇಲೆ ಎರಡು ವರ್ಷ ಒಂದು ಸಲವೂ ಪಲ್ಲವಿಯಿಂದ ಹಿಡಿಯಲಿಲ್ಲ. ಬೆರಳು ಓಡಿಸುವುದೂ ತಾನಾಗಿ ಕಡಿಮೆಯಾಯಿತು. "ಅಣ್ಣಾ, ಪಲ್ಲವಿಯಿಂದ ಹಿಡೀಬೇಕು ಅಂತ ಜಗಳಾಡಾಂವ ನೀನ ಅಲ್ಲೇನು?" ಎಂದು ಕೀಬೋರ್ಡಿನವನು ಕೇಳಿದಾಗ, ನಿನ್ನ ಕೆಲಸ ನೀನು ನೋಡು ಎಂದು ಹರಿಹಾಯ್ದೆ. ನಾಚಿಕೆಯಾದಾಗಲೂ ನನಗೆ ಬರುವುದು ಸಿಟ್ಟೇ.

ಮಸ್ಕಿಗೆ ಹೋಗಿ ಹೇಳಿಬಿಡಬೇಕೆಂದು ನಾಲ್ಕು ಸಲ ಬಸ್ ಹತ್ತಿದೆ. ಭತ್ತದ ಹಸಿರು ಮುಗಿದು ಬಯಲು ಶುರುವಾಗಿ, ಬಂಡೆಗಳ ಗುಡ್ಡ ಕಾಣುವವರೆಗೂ ಮಾತುಗಳನ್ನು ಜೋಡಿಸುತ್ತಿದ್ದೆ. ಅವರ ಮುಂದೆ ಕೂತ ಮೇಲೆ ಬೇರೇನೋ ಮಾತಾಡಿ ಬರುತ್ತಿದ್ದೆ. ಅವರು ಲಿಂಗಸುಗೂರಿನ ಡ್ರಮ್ಮಿನವನು ಚೆನ್ನಾಗಿದ್ದಾನೇನು, ಸಿಂಧನೂರಿನಲ್ಲಿ ಈಗ ಯಾವ ಹಾಡು ನಡೆದಿದೆ ಎಂದು ಕೇಳುತ್ತಿದ್ದರು. ವಾದ್ಯದ ಮಾತು ಎತ್ತುತ್ತಿರಲಿಲ್ಲ.

ಐದನೆಯ ಸಲ ಬೇಸಿಗೆ. ಮನೆಯ ಹಿಂದಿನ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತಿದ್ದರು. ಗುಡ್ಡದ ಕಡೆಯಿಂದ ಕಾದ ಕಲ್ಲಿನ ವಾಸನೆ ಬರುತ್ತಿತ್ತು, ಬೇವಿನ ಹೂವು ಉದುರುತ್ತಿತ್ತು. ನಾನು ಕೂರುವಷ್ಟರಲ್ಲಿ ಅವರು ಮಗಳನ್ನು ಕೂಗಿದರು: "ನಾ ಗುಳಿಗಿ ನುಂಗೀನೇನವ್ವಾ?" ನುಂಗೀದಿ ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ನೀರು ಕೊಡಲು ಬಂದ ಆಕೆ ನನ್ನ ಹತ್ತಿರ ದನಿ ತಗ್ಗಿಸಿ ಹೇಳಿದಳು: "ಎರಡು ವರ್ಷ ಆತ್ರಿ ಹಿಂಗ. ಮರೆತಿರಂಗಿಲ್ಲ ಅವ, ನುಂಗಿದ್ದು ನೆನಪಿರ್ತೈತಿ. ಆದ್ರ ತನ್ನ ನೆನಪು ತಾನ ನಂಬವಲ್ಲ. ಬಸ್ಸಿನ ಬೋರ್ಡು ಓದ್ತಾನ, ಓದಿ ಮಗ್ಗಲಾಗಿದ್ದವರನ್ನ ಕೇಳ್ತಾನ, ಇದು ಖರೇ ಏನ್ರಿ ಅಂತ."

ನೀರು ಕುಡಿದು ಲೋಟ ಖಾಲಿ ಮಾಡಿದೆ. ಏನು ಮಾಡಬೇಕೆಂದು ತಿಳಿಯದೆ ಮೊಬೈಲು ತೆಗೆದೆ. "ಜಾಝ್ ಕೇಳ್ತೀರೇನ್ರಿ?" ಎಂದೆ. ಹೂಂ ಎಂದರು. ನೀರು ಕುಡಿದ ಲೋಟದೊಳಗೇ ಇಟ್ಟೆ. ಅವರು ಹಿಂದೆಂದೂ ಕೇಳಿರದ ಹಾಡು. ಕ್ಲಾರಿನೆಟ್ ಒಂದು ಸುತ್ತು ಹಾಡಿತು, ಅದೇ ಅಳತೆಯಲ್ಲಿ ಎರಡನೆಯ ಸುತ್ತೂ ಹಾಡಿತು, ಆಮೇಲೆ ಸುಮ್ಮನಾಯಿತು. ಡ್ರಮ್ ಮಾತ್ರ ಉಳಿಯಿತು, ಅಕ್ಕಿ ಕೇರಿದಂತಹ ಮೆಲುದನಿ. ಬಹಳ ಹೊತ್ತು ಹಾಗೇ ಹೋಯಿತು. ಮುಂದೆ ಏನಾಗುತ್ತದೆಂದು ಗೊತ್ತಿದ್ದ ನನಗೇ ದಿಕ್ಕು ತಪ್ಪಿತ್ತು. ಮಾಸ್ತರರು ಕಣ್ಣು ಮುಚ್ಚಿದ್ದರು. ತೊಡೆಯ ಮೇಲಿದ್ದ ತೋರುಬೆರಳು ಮೆಲ್ಲಗೆ ಎದ್ದಿತು, ಗಾಳಿಯಲ್ಲಿ ನಿಂತಿತು, ಇಳಿಯಿತು. ಅದು ತೊಡೆ ಮುಟ್ಟಿದ ಗಳಿಗೆಗೆ ಲೋಟದೊಳಗಿಂದ ಕ್ಲಾರಿನೆಟ್ ಬಂತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅವರು ಕಣ್ಣು ತೆರೆದು ನಾಚಿಕೊಂಡವರಂತೆ ಬೆರಳನ್ನು ಮಡಚಿದರು. "ಸುಮ್ಮ ಬಡದೆ. ತಪ್ಪಿರಬೇಕು," ಎಂದರು.

ನನಗೆ ತಡೆಯಲಾಗಲಿಲ್ಲ. "ತಪ್ಪಿಲ್ರಿ ಮಾಸ್ತರ್ರ. ಜವಳಗೇರಾದಾಗೂ ತಪ್ಪಿದ್ದಿಲ್ಲ. ನೀವು ಹಿಡಿದಿದ್ದು ಖರೇ ಇತ್ತು. ನನಗ ಗೊತ್ತಿತ್ತು. ನಾನ ಬೇಕಂತ ಪಲ್ಲವಿ ಹಿಡಿದೆ. ಆಮ್ಯಾಲೆ ಸುಳ್ಳು ಹೇಳಿದೆ."

ಲೋಟದೊಳಗೆ ಕ್ಲಾರಿನೆಟ್ ನಡೆದೇ ಇತ್ತು. "ಬಂದ್ ಮಾಡು ಅದನ್ನ," ಎಂದರು. ಬಂದ್ ಮಾಡಿದೆ. ಬೇವಿನ ಹೂವು ಹೊರಸಿನ ಮೇಲೆ, ಅವರ ಭುಜದ ಮೇಲೆ ಬೀಳುತ್ತಿತ್ತು. ಅವರು ಅದನ್ನು ಕೊಡವಲಿಲ್ಲ.

"ಎರಡು ವರ್ಷ ಲೇ," ಎಂದರು. ದನಿ ಏರಿರಲಿಲ್ಲ. "ಎರಡು ವರ್ಷ ನಾ ಬಾಗಲಾ ಹಾಕಿ, ಹಾಕೀನೋ ಇಲ್ಲೋ ಅಂತ ತಿರುಗಿ ಹೋಗಿ ನೋಡೀನಿ. ನನ್ನ ಮಗಳ ಮಾರಿ ನೋಡಿ, ಇಕಿ ಹೆಸರು ನಾಳಿಗೆ ನೆನಪಿರ್ತೈತೋ ಇಲ್ಲೋ ಅಂತ ಅಂಜೀನಿ. ನೀ ಒಂದ ಮಾತು ಒಗೆದು ಉಣ್ಣಾಕ ಹೋದಿ."

ನಾನು ಅತ್ತೆ. ನಲವತ್ತು ದಾಟಿದ ಗಂಡಸು ಹೊರಸಿನ ಕಾಲು ಹಿಡಿದುಕೊಂಡು ಅತ್ತೆ. ಅವರ ವಾದ್ಯವನ್ನು ಹಿಂದಕ್ಕೆ ತಂದುಕೊಡುತ್ತೇನೆ ಎಂದೆ.

"ಅದು ಬ್ಯಾಡ. ಹಲ್ಲು ಹೋದ್ವು, ತುಟಿ ಬಿಗುವು ಹೋತು. ಬಾಯಿ ಹೋಗಿದ್ದು ಖರೇನ. ತಲಿ ಹೋಗೈತಿ ಅನ್ನಾದು ಸುಳ್ಳು. ಆ ಸುಳ್ಳು ವಾಪಸ್ ತಗೊ. ಯಾರ ಮುಂದ ಹೇಳಿದ್ಯೋ, ಅವರ ಮುಂದ ತಗೊ. ಈಗ ಎದ್ದು ಹೋಗು," ಎಂದರು. ಮಗಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು, ನಾನು ಹೊರಡುವಾಗ ಮುಖ ತಿರುಗಿಸಿದಳು. ಬಸ್ಸಿನಲ್ಲಿ ಸಿಂಧನೂರಿನವರೆಗೆ ನಿಂತೇ ಬಂದೆ, ಸೀಟು ಖಾಲಿ ಇದ್ದವು.

ಮುಂದಿನ ಮದುವೆ ಲಿಂಗಸುಗೂರಿನಲ್ಲಿ, ಒಂದು ಶುಕ್ರವಾರ. ಮೆರವಣಿಗೆ ಶುರುವಾಗುವ ಮೊದಲೇ ಹೇಳಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಡ್ರಮ್ಮಿನವನು ಹಗ್ಗ ಬಿಗಿಯುತ್ತಿದ್ದ, ಕೀಬೋರ್ಡಿನವನು ತಳ್ಳುಗಾಡಿಗೆ ವೈರು ಕಟ್ಟುತ್ತಿದ್ದ. "ನಿಮಗೊಂದು ಮಾತು ಹೇಳಬೇಕು," ಎಂದೆ. ಅಷ್ಟರಲ್ಲಿ ಮದುಮಗನ ಕಡೆಯವರು "ಹೊತ್ತಾತು, ಶುರು ಮಾಡ್ರೀ," ಎಂದು ಕೂಗಿದರು. ಸುಳ್ಳು ಹೇಳಬಾರದು, ಆ ಕೂಗು ಕೇಳಿ ನನಗೆ ಹಾಯೆನಿಸಿತು. ವಾದ್ಯ ಬಾಯಿಗಿಟ್ಟು ತಿರುಗಿದರೆ ಎಡಮಗ್ಗುಲಲ್ಲಿ ಮಾಸ್ತರರು. ಬಿಳಿ ಧೋತರ, ಇಸ್ತ್ರಿಯ ಅಂಗಿ, ಖಾಲಿ ಕೈ. ಮದುವೆಯ ಸುದ್ದಿ ಎಲ್ಲಿ ಕೇಳಿದ್ದರೋ, ಮಗಳು ಮಸ್ಕಿಯಲ್ಲಿ ಬಸ್ ಹತ್ತಿಸಿ, ಕಂಡಕ್ಟರನಿಗೆ ಹೇಳಿ ಕಳಿಸಿದ್ದಳಂತೆ. ನಾವು ಹೊರಟಾಗ ಅವರೂ ಹೊರಟರು.

ಬಜಾರಿನ ದಾರಿಯಲ್ಲಿ ಮಸೀದಿ ಬಂತು. ಒಳಗೆ ನಮಾಜು ನಡೆದಿತ್ತು. ವಾದ್ಯ ಮೇಲೆತ್ತಿದೆ. ಟಿಕ್, ಟಿಕ್. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುಂದೊಂದು ಟ್ರ್ಯಾಕ್ಟರಿನ ಟ್ರೇಲರು ಅಡ್ಡ ಸಿಕ್ಕಿಕೊಂಡಿತು. ಮೆರವಣಿಗೆ ನಿಂತಿತು. ಕೋಲಿನ ಸಪ್ಪಳ ನಿಲ್ಲಲಿಲ್ಲ. ಬಿಸಿಲು ತಗಡಿನ ಮೇಲೆ ಕುಣಿಯುತ್ತಿತ್ತು. ಚಪ್ಪಲಿಗಳ ಸಾಲು, ಹೂವಿನ ವಾಸನೆ, ಯಾರದೋ ಮಗು ಆಕಳಿಸಿದ್ದು, ಎಲ್ಲವೂ ನೀರಿನಡಿಯಲ್ಲಿ ಇರುವಂತೆ ಮಂದವಾದವು. ಹಂದರಕ್ಕೆ ಹೋದ ಮೇಲೆ ಹೇಗೆ ಹೇಳಲಿ, ಮೊದಲ ಮಾತು ಯಾವುದು ಎಂದು ಜೋಡಿಸುತ್ತ ನಿಂತೆ. ಟ್ರೇಲರು ಸರಿಯಿತು, ನಾವು ನಡೆದೆವು, ಮಸೀದಿ ಹಿಂದಾಯಿತು. ಆಗ ನೋಡಿಕೊಂಡೆ. ಹಾಡು ಇರಲಿಲ್ಲ. ಎಷ್ಟನೆಯ ಚರಣ, ಯಾವ ಸಾಲು, ಒಂದೂ ಇರಲಿಲ್ಲ. ನನ್ನ ಮುಂದೆ ಬರೀ ದಾರಿ ಇತ್ತು. ಮಾಸ್ತರರಿಗೆ ಎರಡು ವರ್ಷ ಹೀಗೇ ಇತ್ತೆಂದು ಆಗ ಗೊತ್ತಾಯಿತು.

ಬೆನ್ನ ಮೇಲೆ ಒಂದು ಕೈ ಬಂತು. ಒತ್ತಲಿಲ್ಲ, ಸುಮ್ಮನೆ ಇತ್ತು. ನಾನು ವಾದ್ಯವನ್ನು ತುಟಿಗೆ ತಂದು ಕಾದೆ. ಅವರ ಬಾಯಿ ನನ್ನ ಕಿವಿಯ ಹತ್ತಿರ ಬಂತು. "ಎರಡನೇ ಚರಣ, ಮೂರನೇ ಸಾಲು," ಎಂದರು. ಒಂದು ಹೆಜ್ಜೆ, ಎರಡು ಹೆಜ್ಜೆ. ಬೆರಳು ಬೆನ್ನಿಗೆ ತಾಗಿತು. ಊದಿದೆ. ಹಿಂದಿನಿಂದ ಡ್ರಮ್ಮು ಅದೇ ಗಳಿಗೆಗೆ ಬಂದು ಬಿತ್ತು, ಕೀಬೋರ್ಡೂ ಬಿತ್ತು, ಇಡೀ ಬ್ಯಾಂಡು ಒಂದೇ ಹೆಜ್ಜೆಗೆ ಇಳಿಯಿತು.

ಹಂದರದ ಹಿಂದೆ ಕೂತ ಕೂಡಲೇ ಹೇಳಿದೆ, ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ. "ಲೆಕ್ಕ ತಪ್ಪಿದ್ದು ನನಗ. ಇವತ್ತು. ಹಿಡಿದವರು ಮಾಸ್ತರ್ರು. ಜವಳಗೇರಾದಾಗ ಅವರಿಗೆ ತಪ್ಪಿದ್ದಿಲ್ಲ, ನಾ ಸುಳ್ಳು ಹೇಳಿದ್ದೆ."

ಕೀಬೋರ್ಡಿನವನು ನೆಲ ನೋಡಿದ. ಡ್ರಮ್ಮಿನವನ ದೊಡ್ಡ ಮಾತು ಅಂದು ಸಣ್ಣದಾಗಿತ್ತು. "ನನಗೂ ಅವತ್ತ ಗೊತ್ತಿತ್ರಿ ಮಾಸ್ತರ್ರ. ಜೋರಿದ್ದ ಕಡೆ ಹೋದೆ," ಎಂದ. ಮಾಸ್ತರರು ಯಾರಿಗೂ "ಇರಲಿ ಬಿಡು" ಎನ್ನಲಿಲ್ಲ. ಎಲೆಯ ಮುಂದೆ ಕೂತು ನಿಧಾನವಾಗಿ ಉಂಡರು, ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ಕೈ ತೊಳೆದು ಬಂದು ಕಿಸೆಯಿಂದ ಗುಳಿಗೆ ತೆಗೆದು ನುಂಗಿದರು.

ಮಸ್ಕಿಯ ಬಸ್ಸಿಗೆ ಹತ್ತಿಸಲು ನಾನು ಹೋದೆ. ನಿಲ್ದಾಣದಲ್ಲಿ ನಾಲ್ಕು ಬಸ್ಸುಗಳು ನಿಂತಿದ್ದವು. ಇದರಲ್ಲಿ ಹತ್ತಿರಿ ಎಂದು ಹೇಳಲು ಬಾಯಿ ತೆರೆದೆ. ಮಾಸ್ತರರು ಬಲಗೈಯನ್ನು ನೆಟ್ಟಗೆ ಮೇಲೆತ್ತಿದರು, ಬಾಜಾ ಬಂದ್ ಮಾಡುವವರಂತೆ. ಅವರು ಒಂದೊಂದೇ ಬೋರ್ಡು ಓದುತ್ತ ಎಡಗಾಲು ಎಳೆದುಕೊಂಡು ಹೋದರು. ಮಸ್ಕಿಯ ಬೋರ್ಡಿದ್ದ ಮೂರನೆಯ ಬಸ್ಸಿನ ಮುಂದೆ ನಿಂತರು. ಬಾಗಿಲಲ್ಲಿ ಒಬ್ಬ ನಿಂತಿದ್ದ, ಅವನನ್ನು ಏನೂ ಕೇಳಲಿಲ್ಲ. ಹತ್ತಿ ಕೂತರು.